ಕುಂಕುಮ ತಾಗದ ಕಾರಿನಲ್ಲಿ ಭದ್ರಾವತಿಗೆ

ಆಯುಧಪೂಜೆಯ ದಿನ ಬೆಳಿಗ್ಗೆ ನಾನೂ ನನ್ನ ಹೆಂಡತಿ ವಸುಧಾಳೂ ವಿನೋಬನಗರದ ಮನೆಯಿಂದ ಭದ್ರಾವತಿಗೆ ಹೊರಟೆವು. ದೂರ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಗೂ ಸಾಲದ ಈ ದಾರಿಯನ್ನು ಪ್ರವಾಸವೆಂದು ಬರೆಯುವುದಕ್ಕೆ ನಮ್ಮ ವಾಹನವೇ ಕಾರಣ. ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ನನಗಿಂತ ಹಿರಿಯ ವಯಸ್ಸಿನ ಕೆಂಪು ಸ್ಪೋರ್ಟ್ಸ್ ಕಾರು ಅದು. ಅದರ ಒಂದು ಬೋಲ್ಟನ್ನೂ ನಾನು ಬದಲಿಸಿಲ್ಲ. ಬಣ್ಣವೂ ಅಂದಿನದೇ.

ಇದರ ಜೊತೆಯದೊಂದು ಭದ್ರಾವತಿಯಲ್ಲಿದೆ. ಚಿಕ್ಕಮಗಳೂರಿನ ಕಡೆ ಒಂದು ಹಳೆಯ ಶೆಡ್ಡಿನಲ್ಲಿ ಎರಡೂ ಒಟ್ಟಿಗೆ ಧೂಳು ತಿನ್ನುತ್ತಿದ್ದವು. ಒಂದನ್ನು ನಾನು ಕೊಂಡೆ, ಇನ್ನೊಂದನ್ನು ನನ್ನ ಷಡ್ಡಕ ನಾಗರಾಜ, ಅಂದರೆ ವಸುಧಾಳ ಅಕ್ಕನ ಗಂಡ, ಕೊಂಡ. ಅವನು ಅದರ ಎಂಜಿನ್ ಕಿತ್ತು ಈಗಿನ ಕಾಲದ ಸಣ್ಣ ಕಾರೊಂದರ ಎಂಜಿನ್ ಕೂರಿಸಿದ. ಪವರ್ ಸ್ಟೀರಿಂಗ್ ಹಾಕಿಸಿದ, ಎಸಿ ಹಾಕಿಸಿದ, ತಿಳಿಹಸಿರು ಬಣ್ಣ ಕೆರೆಸಿ ಅಡಿಕೆ ಹಣ್ಣಿನ ಕಿತ್ತಳೆ ಬಣ್ಣ ಹೊಡೆಸಿದ. ನನ್ನ ಲೆಕ್ಕದಲ್ಲಿ ಅದು ಕೊಲೆ. ಆದರೆ ಅತ್ತೆ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವನ ಕಾರೇ. ನನಗೆ ಹೊಟ್ಟೆಕಿಚ್ಚು, ಮುಚ್ಚಿಟ್ಟು ಏನು ಬಂತು?

ಹಬ್ಬದ ದಿನ ಇಬ್ಬರು ಅಳಿಯಂದಿರ ವಾಹನಕ್ಕೂ ಅತ್ತೆ ಮನೆಯ ಗೇಟಿನ ಮುಂದೆ ಪೂಜೆಯಾಗುವುದು ನಮ್ಮಲ್ಲಿ ವಾಡಿಕೆ. ನನ್ನ ಕಾರು ಪ್ರತಿ ವರ್ಷ ಹಬ್ಬಕ್ಕೆ ಸರಿಯಾಗಿ ಕೆಟ್ಟು ಕೂರುತ್ತಿತ್ತು, ಈ ಸಲ ಹೊರಟಿತ್ತು. ವಸುಧಾ ನನ್ನ ಪಕ್ಕದಲ್ಲಿ ಕೂತು ಬಂದು ತವರಿನ ಗೇಟಿನ ಮುಂದೆ ಇಳಿಯಬೇಕು, ನಾಗರಾಜನ ಎದುರಿಗೇ ‘ನಮ್ಮ ಕಾರೇ ಚೆಂದ’ ಅನ್ನಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ತುಂಗಾ ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿದ್ದವು. ಲಾರಿ, ಆಟೋ, ಟ್ರ್ಯಾಕ್ಟರು ಎಲ್ಲದಕ್ಕೂ ಬಾಳೆಕಂದು, ಸೇವಂತಿಗೆ ಹಾರ. ನಮ್ಮ ಕಾರು ಮಾತ್ರ ಬೋಳು. ಹೂವು, ಹಣ್ಣು, ಬೂದುಗುಂಬಳದ ಚೀಲವೆಲ್ಲ ವಸುಧಾಳ ತೊಡೆಯ ಮೇಲಿತ್ತು. ಕಾರಿನ ಚಾವಣಿ ಮಡಿಸಿದ್ದರಿಂದ ಮಳೆ ಬಿಟ್ಟ ಮೇಲಿನ ಬಿಸಿಲು ನೆತ್ತಿಗೆ ಚುರುಗುಟ್ಟುತ್ತಿತ್ತು.

“ಟೆಂಪರೇಚರ್ ಮುಳ್ಳು ಮೇಲೆ ಹೋಗ್ತಾ ಇದೆ ಕಣ್ರೀ,” ಅಂದಳು.

“ಹೋಗುತ್ತೆ, ಇಳಿಯುತ್ತೆ,” ಅಂದೆ. ವಿದ್ಯಾನಗರ ದಾಟಿತು, ನಿದಿಗೆ ದಾಟಿತು, ಮುಳ್ಳು ಇಳಿಯಲಿಲ್ಲ. ಮಾಚೇನಹಳ್ಳಿಯ ಹತ್ತಿರ ಕಾರು ಹೊಗೆಯುಗುಳಿ ನಿಂತುಬಿಟ್ಟಿತು.

“ಭಾವನಿಗೆ ಫೋನ್ ಮಾಡ್ತೀನಿ. ಅಮ್ಮ ಪೂಜೆ ಸಾಮಾನಿಗೆ ಕಾಯ್ತಾ ಇರ್ತಾಳೆ,” ಅಂದಳು ವಸುಧಾ. ಬೇಡವೆನ್ನಲು ನನ್ನ ಬಳಿ ಕಾರಣವಿರಲಿಲ್ಲ. ಬಾನೆಟ್ಟಿನ ಹೊಗೆ ತಣಿಯುವ ಮೊದಲೇ ನಾಗರಾಜ ಬಂದ. ಬಂದವನ ಅಂಗಿಯಲ್ಲಿ ಒಂದು ಹನಿ ಬೆವರೂ ಇರಲಿಲ್ಲ.

“ರೇಡಿಯೇಟರಿಗೆ ಒಂದು ಎಲೆಕ್ಟ್ರಿಕ್ ಫ್ಯಾನ್ ಹಾಕ್ಸು ಮಾರಾಯ. ಒಳಗಿರುತ್ತೆ, ಯಾರಿಗೂ ಕಾಣಲ್ಲ.”

“ನನಗೆ ಕಾಣುತ್ತಲ್ಲ.”

ಅವನು ನಕ್ಕು, ನೀರಿನ ಬಾಟಲಿ ನನ್ನ ಕೈಗಿತ್ತು, ವಸುಧಾಳನ್ನೂ ಚೀಲಗಳನ್ನೂ ಕೂರಿಸಿಕೊಂಡು ಹೋದ. ಕೆಟ್ಟವನಾಗಿದ್ದರೆ ಬೈಯಬಹುದಿತ್ತು, ಒಳ್ಳೆಯವನಾಗಿ ಜೀವ ತೆಗೆಯುತ್ತಾನೆ.

ಎಂಜಿನ್ ತಣಿಯಲೆಂದು ಐವತ್ತು ರೂಪಾಯಿ ಕೊಟ್ಟು ಎಳನೀರು ಕುಡಿಯುತ್ತ ನಿಂತಿದ್ದಾಗ ಬೈಕಿನ ಇಬ್ಬರು ಹುಡುಗರು ನಿಲ್ಲಿಸಿ ಕಾರಿನ ಫೋಟೋ ತೆಗೆದುಕೊಂಡರು.

“ಒರಿಜಿನಲ್ಲಾ ಸರ್?”

“ಪೂರ್ತಿ,” ಅಂದೆ. ಎದೆ ಅರ್ಧ ಅಡಿ ಉಬ್ಬಿತು.

“ಸೂಪರ್ ಸರ್. ಈಗಷ್ಟೇ ಇಂಥದ್ದೇ ಆರೆಂಜ್ ಒಂದು ಹೋಯ್ತು, ಮೇಡಂ ಒಬ್ರು ಕೂತಿದ್ರು. ಏನ್ ಪಿಕಪ್ ಸರ್ ಅದು.”

ಆ ಮೇಡಂ ಯಾರೆಂದು ನಾನು ಹೇಳಲಿಲ್ಲ.

ಭದ್ರಾವತಿ ತಲುಪುವ ಹೊತ್ತಿಗೆ ನಾಗರಾಜನ ಕಾರಿನ ಪೂಜೆ ಮುಗಿದಿತ್ತು. ಬಾನೆಟ್ಟಿನ ತುಂಬ ಅರಿಶಿನ ಕುಂಕುಮದ ಬೆರಳ ಗುರುತು, ಗಾಜಿನ ಮೇಲೆ ವಿಭೂತಿ, ಚಕ್ರದಡಿಯಲ್ಲಿ ಅಪ್ಪಚ್ಚಿಯಾದ ನಿಂಬೆಹಣ್ಣು. ಅತ್ತೆ ಕಲಸಿದ ಕುಂಕುಮದ ಬಟ್ಟಲು ಹಿಡಿದು ನನ್ನ ಕಾರಿನತ್ತ ಬಂದರು. ನಾನು ಓಡಿಹೋಗಿ ಮನೆಯಿಂದಲೇ ತಂದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬಾನೆಟ್ಟಿನ ಮೇಲೆ ಹಾಸಿದೆ.

“ಇದರ ಮೇಲಿಡಿ ಅತ್ತೆ. ಹಳೇ ಬಣ್ಣ, ಕಲೆಯಾದ್ರೆ ಹೋಗಲ್ಲ.”

ಅತ್ತೆಯ ಬೆರಳು ಗಾಳಿಯಲ್ಲೇ ನಿಂತಿತು. ಆಮೇಲೆ ಹಾಳೆಯ ಮೇಲೆ ಮೂರು ಬೊಟ್ಟಿಟ್ಟು, ಆರತಿ ಎತ್ತಿ ಒಳಗೆ ಹೋದರು. ನಾನು ಹಾಳೆಯನ್ನು ಜೋಪಾನವಾಗಿ ಮಡಿಸಿದೆ.

“ಪ್ಲಾಸ್ಟಿಕ್ಕಿಗೆ ಪೂಜೆ ಮಾಡ್ಸಿದ್ರಿ,” ಅಂದಳು ವಸುಧಾ. ಸಿಟ್ಟಿನಿಂದ ಅಂದಿದ್ದರೆ ಉತ್ತರ ಕೊಡುತ್ತಿದ್ದೆ, ಸುಮ್ಮನೆ ಅಂದಳು.

ಊಟಕ್ಕೆ ಒಬ್ಬಟ್ಟು, ಕೋಸಂಬರಿ, ಮಾವಿನಕಾಯಿ ಇಲ್ಲದ ಕಾಲವಾದ್ದರಿಂದ ನಿಂಬೆಹಣ್ಣಿನ ಚಿತ್ರಾನ್ನ. ನಾಲ್ಕು ಒಬ್ಬಟ್ಟು ತಿಂದರೂ ಬಾಯಿ ಕಹಿಯಾಗಿಯೇ ಇತ್ತು. ಎಲೆ ಎತ್ತಿದ ಮೇಲೆ ಅತ್ತಿಗೆ ತಮ್ಮ ಕಾರಿನ ಕೀ ತಂದು ತಂಗಿಯ ಕೈಗಿಟ್ಟರು.

“ತುಪ್ಪ ಖಾಲಿಯಾಗಿದೆ ಕಣೇ. ಅಂಗಡಿಗೆ ಹೋಗ್ಬಾ.”

ವಸುಧಾ ಎದ್ದು ಹೋದಳು. ನಾನು ಜಗಲಿಯಲ್ಲಿ ನಿಂತು ನೋಡಿದೆ. ಅವಳು ಸೆರಗು ಸಿಕ್ಕಿಸಿ ಕೂತು, ಕನ್ನಡಿ ತಿರುಗಿಸಿ, ಗೇಟಿನ ಮುಂದಿನ ಆ ಕಿರಿದಾದ ಜಾಗದಿಂದ ಕಾರನ್ನು ಒಂದೇ ಸಲಕ್ಕೆ ಹಿಂದಕ್ಕೆ ತೆಗೆದಳು. ತಿರುವಿನಲ್ಲಿ ಒಂದು ಹಾರ್ನ್ ಹೊಡೆದು ಮರೆಯಾದಳು.

“ಯಾವಾಗ ಕಲಿತಳು?”

“ನಾನೇ ಕಲಿಸ್ದೆ, ಬಂದಾಗೆಲ್ಲ. ನಿಮಗೆ ಹೇಳಿಲ್ವಾ?” ಅಂದರು ಅತ್ತಿಗೆ.

ಹೇಳಿರಲಿಲ್ಲ. ನನ್ನ ಕಾರಿನ ಬಾಗಿಲನ್ನು ಹೇಗೆ ಮುಚ್ಚಬೇಕೆಂದು ಅವಳಿಗೆ ಎಷ್ಟೋ ಸಲ ತೋರಿಸಿಕೊಟ್ಟಿದ್ದೇನೆ. ಸ್ಟೀರಿಂಗ್ ಮುಟ್ಟಬೇಕೆಂಬ ಆಸೆ ಅವಳಿಗಿದೆಯೆಂದು ನನ್ನ ತಲೆಗೇ ಬಂದಿರಲಿಲ್ಲ. ನಾಗರಾಜನ ಎಂಜಿನ್ನಿಗೂ ಎಸಿಗೂ ಉರಿಯದಷ್ಟು ಹೊಟ್ಟೆ ಆ ಒಂದು ಹಾರ್ನಿಗೆ ಉರಿಯಿತು. ತುಪ್ಪ ತರಲು ಹೋದವಳು ಮುಕ್ಕಾಲು ಗಂಟೆ ಬಿಟ್ಟು, ಕೂದಲು ಕೆದರಿಕೊಂಡು, ನಗುತ್ತ ಬಂದಳು.

ಬಿಸಿಲು ಇಳಿದ ಮೇಲೆ ಹೊರಟೆವು. ಊರು ದಾಟಿದ ಕೂಡಲೇ ಕಾರು ನಿಲ್ಲಿಸಿ ಕೀ ಅವಳ ಮುಂದೆ ಹಿಡಿದೆ.

“ನೀನು ಓಡಿಸು.”

ವಸುಧಾ ಕೀ ನೋಡಿದಳು, ನನ್ನನ್ನು ನೋಡಿದಳು. “ಬೇಡ ಕಣ್ರೀ. ಏನಾದ್ರೂ ಆದ್ರೆ ಒರಿಜಿನಲ್ ಸಿಗಲ್ಲ.”

ಇನ್ನೊಮ್ಮೆ ಕೇಳಿದೆ. ತಲೆಯಲ್ಲಾಡಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಎದುರಿನ ರಸ್ತೆ ನೋಡುತ್ತ ಕೂತಳು. ಸಂಜೆಯ ಗಾಳಿ ತಂಪಾಗಿತ್ತು, ಮುಳ್ಳು ನಡುವೆಯೇ ನಿಂತಿತ್ತು, ಕಾರು ಎಂದೂ ಓಡದಷ್ಟು ಚೆನ್ನಾಗಿ ಓಡಿತು. ತುಂಗಾ ಸೇತುವೆಯ ಹತ್ತಿರ ವೇಗ ಇಳಿಸಿ ಗೇರ್ ಬದಲಿಸಲು ಹೊರಟಾಗ ಪಕ್ಕಕ್ಕೆ ಕಣ್ಣು ಹೋಯಿತು. ನನ್ನ ಕಾಲು ಕ್ಲಚ್ಚಿಗೆ ತಾಗುವ ಒಂದು ಗಳಿಗೆ ಮೊದಲೇ, ಕ್ಲಚ್ಚೇ ಇಲ್ಲದ ತನ್ನ ಕಡೆಯ ನೆಲವನ್ನು ಅವಳ ಎಡಗಾಲು ಒತ್ತಿತ್ತು.