ಮೂಗು ಮುಚ್ಚಿ ಕೂತ ಶನಿವಾರ

ನಮ್ಮೂರಿನ ಚಿಕ್ಕ ಮಕ್ಕಳಿಗೆ ಈಗ ನಾನು ‘ಮುಚ್ಚು ತಾತ’. ಅಂಗಡಿಗೆ ಹೊರಟರೂ, ತೋಟದಿಂದ ಟೊಮೇಟೊ ಬುಟ್ಟಿ ಹೊತ್ತು ಬಂದರೂ, ಯಾವುದಾದರೂ ಬಾಗಿಲ ಸಂದಿನಿಂದ ಆ ಹೆಸರು ಕೇಳಿಸುತ್ತದೆ. ಬೇರೆಯವರಾಗಿದ್ದರೆ ಕೋಪ ಮಾಡಿಕೊಳ್ಳುತ್ತಿದ್ದರೇನೋ. ನನಗಂತೂ ಕೇಳಿದಷ್ಟೂ ಹೊಟ್ಟೆ ತುಂಬುತ್ತದೆ. ಆ ಹೆಸರು ಹೇಗೆ ಬಂತೆಂದು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ನಮ್ಮ ತಮಿಳುನಾಡಿನ ಗಡಿ ದಾಟಿ, ಕರ್ನಾಟಕದ ಸೋದರಮಾವನ ಮನೆಯಲ್ಲಿದ್ದು ಕಲಿತ ಕನ್ನಡ. ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು.

ನನ್ನ ಮೊಮ್ಮಗಳು ಹತ್ತನೇ ಕ್ಲಾಸು. ಅರ್ಧ ವರ್ಷದ ಪರೀಕ್ಷೆಯಲ್ಲಿ ಲೆಕ್ಕದ ಪೇಪರು ಕೈಗೆ ಬಂದದ್ದೇ ತಡ, ಎದೆ ಬಿಗಿದು, ಒಂದಕ್ಷರ ಬರೆಯದೆ ಎದ್ದು ಬಂದುಬಿಟ್ಟಳು. “ಉಸ್ರು ಕಟ್ಕೊಂಡೋಯ್ತು ತಾತ” ಅಂದಳು, ಅಷ್ಟೇ. ಡಾಕ್ಟರು ನೋಡಿ, ಎದೆಯಲ್ಲಿ ಏನೂ ಇಲ್ಲ, ಭಯ ಎಂದರು. ಶಾಲೆಗೂ ಹೋಗದೆ, ಪಬ್ಲಿಕ್ ಪರೀಕ್ಷೆಗೆ ಹೋಗುವುದೇ ಇಲ್ಲ ಎಂದು ಅವಳು ಹಟ ಹಿಡಿದಳು. ಬೈದು ನೋಡಿದೆವು, ಮುದ್ದು ಮಾಡಿ ನೋಡಿದೆವು. ಮನೆಯಲ್ಲಿ ನಗುವೇ ಇಲ್ಲದಂತಾಯಿತು.

ಆ ಹೊತ್ತಿಗೆ ರಿಟೈರಾದ ಟೀಚರಮ್ಮ ಒಬ್ಬರು ಶನಿವಾರ ಬೆಳಿಗ್ಗೆ ಮಾರಂಡಹಳ್ಳಿಯಿಂದ ಬಸ್ಸಿನಲ್ಲಿ ಬಂದು, ನಮ್ಮೂರಲ್ಲಿ ಹಾಲು ಅಳೆಯುವ ಕಟ್ಟಡದ ಜಗಲಿಯ ಮೇಲೆ ಮಕ್ಕಳಿಗೆ ಧ್ಯಾನ ಹೇಳಿಕೊಡತೊಡಗಿದ್ದರು. ಅವರು ಸೇಲಂ ಕಡೆಯವರು, ಕನ್ನಡ ಬಾರದು. ಹೋಗಿ ಬಾ ಎಂದರೆ ಮೊಮ್ಮಗಳು, “ನೀನೂ ಬಂದ್ರೆ ಬತ್ತೀನಿ” ಅಂದಳು. ಸೊಸೆಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ.

“ಉಣ್ಣೋವಾಗ್ಲೂ ನಾಲ್ಕು ಸಲ ಎದ್ದೇಳ್ತೀರ ಮಾವ. ಅಲ್ಲೋಗಿ ಸುಮ್ನೆ ಕೂತ್ಕೊಂತೀರಾ?”

“ನಿಮ್ಮತ್ತೆ ಇದ್ದಾಗ ನಲವತ್ತು ವರ್ಷ ಸುಮ್ನೇ ಕೂತಿದ್ದೆ ಕಣಮ್ಮ” ಅಂದು ಹೊರಟೆ.

ಜಗಲಿಯ ಮೇಲೆ ಟಾರ್ಪಾಲು ಹಾಸಿದ್ದರು. ಮುಂದೆ ಚಿಕ್ಕವರು, ಹಿಂದೆ ದೊಡ್ಡ ಮಕ್ಕಳು. ಮೊಮ್ಮಗಳು ಬೇಕೆಂದಾಗ ಎದ್ದು ಹೋಗಲು ಅನುಕೂಲವಾಗಲೆಂದು ಮೆಟ್ಟಿಲ ಹತ್ತಿರ ಕೂತಳು. ಮೊಣಕಾಲು ಮಡಚಲಾರದ ನನಗೆ ಗೋಡೆಯ ಒರಗು ಬೇಕು, ಅದಕ್ಕೇ ಗೋಡೆಯ ಬದಿಗೆ, ಪಕ್ಕದ ಮನೆಯ ಒಂದನೇ ಕ್ಲಾಸಿನ ಪುಟ್ಟ ಹುಡುಗಿಯ ಪಕ್ಕ ಜಾಗ ಕೊಟ್ಟರು.

ಟೀಚರಮ್ಮ ತಮಿಳಿನಲ್ಲಿ ಕಣ್ಣು ಮುಚ್ಚಿಕೊಳ್ಳಿ ಎಂದರು. ಮುಚ್ಚಿಕೊಂಡೆವು. ಆಮೇಲೆ ಮೆಲ್ಲಗೆ, ಮಗುವಿಗೆ ಜೋಗುಳ ಹೇಳುವ ಹಾಗೆ, “ಮೂಚ್ಚು... ಮೂಚ್ಚು...” ಎನ್ನತೊಡಗಿದರು.

ನನಗೆ ತಮಿಳು ಬಾರದೆಂದಲ್ಲ. ಓಮಲೂರು ಸಂತೆಯಲ್ಲಿ ಮೂವತ್ತು ವರ್ಷ ತರಕಾರಿ ಮಾರಿದ ಬಾಯಿ ಇದು. ಮೂಚ್ಚು ಎಂದರೆ ಉಸಿರು ಎಂದು ಚೆನ್ನಾಗಿ ಗೊತ್ತು. ಆದರೆ ಕಣ್ಣು ಮುಚ್ಚಿ ಕೂತಾಗ ಕಿವಿ ಮೊದಲು ಮನೆಮಾತನ್ನೇ ಹಿಡಿಯುತ್ತದೆ ಎನ್ನುವುದು ನನಗೆ ಆವತ್ತು ತಿಳಿಯಿತು. ಕಣ್ಣು ಮುಚ್ಚಿದ್ದಾಯಿತು, ಬಾಯಿ ಮುಚ್ಚಿದ್ದಾಯಿತು, ಇನ್ನೂ ‘ಮುಚ್ಚು ಮುಚ್ಚು’ ಅನ್ನುತ್ತಿದ್ದಾರಲ್ಲ, ಉಳಿದಿರುವುದು ಮೂಗು ತಾನೇ ಎಂದು ಎರಡು ಬೆರಳಿನಲ್ಲಿ ಮೂಗು ಹಿಡಿದುಕೊಂಡೆ. ಧ್ಯಾನ ಕಷ್ಟವೆಂದು ಕೇಳಿದ್ದೆ, ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕಿವಿ ಗುಂಯ್ ಎಂದಿತು. ತಡೆಯಲಾರದೆ ಉಸಿರು ಬಿಟ್ಟಾಗ ಎಮ್ಮೆ ಸೀನಿದಂತೆ ಸದ್ದಾಯಿತು.

ಕಣ್ಣು ಬಿಟ್ಟರೆ ಪಕ್ಕದ ಪುಟ್ಟಿಯೂ ಮೂಗು ಹಿಡಿದು ಕೂತಿದ್ದಾಳೆ. ಅವಳ ಪಕ್ಕದವನೂ, ಅವನ ಪಕ್ಕದವಳೂ. ಎಲ್ಲ ಕನ್ನಡದ ಮನೆಯ ಮಕ್ಕಳೇ. ಯಾಕೆ ತಾತಾ ಮೂಗು ಹಿಡಿದಿರಿ ಎಂದು ಟೀಚರಮ್ಮ ಗಾಬರಿಯಾಗಿ ಕೇಳಿದರು.

“ನೀಂಗದಾನೇ ಮುಚ್ಚು ಮುಚ್ಚುನ್ನು ಸೊನ್ನೀಂಗ” ಎಂದೆ ನಾನು, ನೀವೇ ತಾನೇ ಹೇಳಿದ್ದು ಎನ್ನುವ ಧೈರ್ಯದಿಂದ.

ಮೆಟ್ಟಿಲ ಕಡೆಯಿಂದ ಒಂದು ನಗು ಕೇಳಿತು. ನನ್ನ ಮೊಮ್ಮಗಳು ಮಂಡಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು, ಭುಜ ಕುಲುಕುತ್ತಿತ್ತು. ಎಷ್ಟು ದಿನವಾಗಿತ್ತು ಆ ನಗು ಕೇಳಿ. ನಮ್ಮ ಭಾಷೆಯಲ್ಲಿ ಆ ಮಾತಿಗೆ ಏನರ್ಥ ಎಂದು ಅವಳೇ ಎದ್ದು ಟೀಚರಮ್ಮನಿಗೆ ಹೇಳಿದಳು. ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಹಾಗಾದರೆ ಚಿಕ್ಕವರಿಗೆ ನೀನೇ ಕನ್ನಡದಲ್ಲಿ ಹೇಳಮ್ಮ ಎಂದು ತಮ್ಮ ಜಾಗ ಬಿಟ್ಟುಕೊಟ್ಟರು. ಅವಳು ಬೇಡವೆಂದಳು. ಪುಟ್ಟಿ ಹೋಗಿ ಕೈ ಹಿಡಿದು ಎಳೆದುತಂದಳು.

“ಮೂಗು ಮುಚ್ಬಾರ್ದು” ಎಂದು ಶುರುಮಾಡಿದಳು. “ಉಸ್ರು ಒಳಿಕೆ ಬತ್ತೈತೆ, ಆಚಿಕೆ ಓಯ್ತೈತೆ. ಸುಮ್ನೆ ನೋಡ್ತಿರ್ಬೇಕು.”

“ಕಾಣಕ್ಕಿಲ್ವಲ್ಲಕ್ಕ?”

“ಬೆಳ್ಳು ಮೂಗಿನ ಕೆಳ್ಗಿಡು. ಬೆಚ್ಚಗೈತಾ?”

“ಮೂಗಿಂದು ಒಂದೇ ಓಟೇಲಿ ಬತ್ತೈತೆ. ನಂಗೆ ನೆಗಡಿ.”

“ಅಂಗಾದ್ರೆ ಒಂದೇ ಓಟೆ ನೋಡು” ಅಂದಳು ನನ್ನ ಮೊಮ್ಮಗಳು, ದೊಡ್ಡ ಮೇಷ್ಟ್ರ ಹಾಗೆ.

ಅಲ್ಲಿಂದ ಪ್ರತಿ ಶನಿವಾರ ಚಿಕ್ಕವರಿಗೆ ಅವಳೇ. ಒಂದು ದಿನ ಮನೆಗೆ ನಡೆಯುತ್ತಾ ಹೇಳಿದಳು: “ಯೋಳ್ಕೊಡೋವಾಗ ನಂಗೆ ಭಯನೇ ನೆಪ್ಪಿರಲ್ಲ ತಾತ.” ಶಾಲೆಗೂ ಹೋಗತೊಡಗಿದಳು. ನಾನು ಗೆದ್ದೆನೆಂದುಕೊಂಡೆ. ಆದರೆ ಪಬ್ಲಿಕ್ ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ಇಟ್ಟ ಪರೀಕ್ಷೆಯಲ್ಲಿ ಅರ್ಧ ಗಂಟೆ ಕೂತು ಮತ್ತೆ ಎದ್ದು ಬಂದಳು. ಆ ಶನಿವಾರ ಜಗಲಿಗೂ ಬರಲಿಲ್ಲ. ಪುಟ್ಟಿ ನಮ್ಮ ಮನೆಗೇ ಬಂದು ಅವಳ ಎದುರು ಕೂತಳು.

“ಅಕ್ಕಾ, ನಿಂಗೂ ಮೂಗು ಮುಚ್ಕೊಂತಾ?”

“ಊಂ.”

“ಕೈ ತೆಗೀಬೇಕು ಅಂತ ನೀನೇ ಯೋಳಿದ್ದೆ.”

“ನಂದು ಕೈಯಿಂದ ಮುಚ್ಚಿರೋದಲ್ಲ ಕಣೆ.”

“ಮತ್ತೆ ಯಾತ್ರಿಂದ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, “ಬಾ, ಎಲ್ಲಾರೂ ಕೂತವ್ರೆ” ಎಂದು ಕರೆದುಕೊಂಡು ಹೋದಳು. ನಾನೂ ಹಿಂದೆಯೇ ಹೋದೆ.

ಪಬ್ಲಿಕ್ ಪರೀಕ್ಷೆಯ ಲೆಕ್ಕದ ದಿನ ಶಾಲೆಯ ಗೇಟಿನ ಹೊರಗೆ ನಾನು ಕೂರಲೂ ಇಲ್ಲ, ನೀರೂ ಕುಡಿಯಲಿಲ್ಲ. ಗೇಟು ಅಲುಗಿದಾಗಲೆಲ್ಲ ಅವಳೇ ಬಂದಳೇನೋ ಎಂದು ಕತ್ತು ಚಾಚಿ ನೋಡುತ್ತಿದ್ದೆ. ಅರ್ಧ ಗಂಟೆ ಕಳೆಯಿತು. ಒಂದು ಗಂಟೆ ಕಳೆಯಿತು. ಕೊನೆಯ ಬೆಲ್ಲೂ ಹೊಡೆಯಿತು. ಮಕ್ಕಳೆಲ್ಲ ಬಂದ ಮೇಲೆ, ಕೊನೆಯವಳಾಗಿ, ಬೆರಳಿಗೆ ಶಾಯಿ ಮೆತ್ತಿಕೊಂಡು ಬಂದಳು.

“ಮುಚ್ಕೊಳ್ಳೋಕೆ ಬಂತು ತಾತ, ಪೇಪರ್ ನೋಡ್ತಿದ್ದಂಗೆ. ಬೆಳ್ಳು ಮೂಗಿನ ಕೆಳ್ಗಿಟ್ಕೊಂಡೆ. ಆಗ ನೀನು ಮೂಗಿಡ್ಕೊಂಡು ಕೂತಿದ್ದು ನೆಪ್ಪಾಯ್ತು. ನಗು ಬಂದ್ಬಿಡ್ತು. ಯಾಕಮ್ಮ ನಗ್ತೀಯ ಅಂತ ಮೇಡಮ್ಮು ಬಂದು ನೋಡಿದ್ರು. ನಕ್ಕಿದ್ಮೇಲೆ ಉಸ್ರು ಅದ್ರಷ್ಟಕ್ಕೆ ಅದೇ ಬತ್ತಿತ್ತು.”

ಎಷ್ಟು ಲೆಕ್ಕ ಬರೆದೆ ಎಂದು ಕೇಳುವುದೇ ಮರೆತುಹೋಯಿತು. ರಿಸಲ್ಟು ಇನ್ನೂ ಬಂದಿಲ್ಲ, ಬಂದಾಗ ಬರಲಿ. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಕಡೆ ತಿರುಗಿ, ಎರಡು ಬೆರಳಿನಲ್ಲಿ ಮೂಗು ಹಿಡಿದು ತೋರಿಸಿದೆ.

“ಬಿಡು ತಾತ, ಎಲ್ಲಾರೂ ನೋಡ್ತಾವ್ರೆ.”

ನೋಡಲಿ ಎಂದು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.