ನಡುವಿನ ಲೆಕ್ಕ

ಒದ್ದೆ ಗೋಣಿತಾಟಿನ ವಾಸನೆ ಬಂದರೆ ಸಾಕು, ಜಂಗಮಕೋಟೆಯ ನಮ್ಮ ಹುಳುಮನೆ ಕಣ್ಣೆದುರು ನಿಲ್ಲುತ್ತದೆ. ಬೇಸಿಗೆಯಲ್ಲಿ ರೇಷ್ಮೆಹುಳುಗಳಿಗೆ ಸೆಕೆಯಾಗದಿರಲೆಂದು ಅಜ್ಜಿ ಕಿಟಕಿಗಳಿಗೆಲ್ಲ ನೆನೆಸಿದ ತಾಟು ಇಳಿಬಿಡುತ್ತಿದ್ದಳು. ಒಳಗೆ ತಣ್ಣನೆ ಕತ್ತಲು, ಹುಳುಗಳು ಸೊಪ್ಪು ಕಡಿಯುವ ಸರಸರ. ಗೋಡೆಯ ಮೇಲೆ ಅಕ್ಕಪಕ್ಕ ಎರಡು ಥರ್ಮಾಮೀಟರು. ಒಂದು ಯಾವಾಗಲೂ ಇನ್ನೊಂದಕ್ಕಿಂತ ಎರಡು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ನಾನು ಎರಡರ ಪರವಾಗಿಯೂ ಜಗಳವಾಡುತ್ತಿದ್ದೆ: ಹೆಚ್ಚಿನದಕ್ಕೆ ಚಿಕ್ಕಪ್ಪನ ಕೀರಲು ದನಿ, ಕಮ್ಮಿಯದಕ್ಕೆ ನನ್ನದೇ ಸೋಮಾರಿ ಆಕಳಿಕೆ. ಅಜ್ಜಿ ನಗುತ್ತಲೇ ತೀರ್ಪು ಕೊಡುತ್ತಿದ್ದಳು: "ಏಮಿರಾ, ಇಬ್ರೂ ಸುಮ್ಕಿರ್ರಪ್ಪ. ನಡುವಿಂದು ಇಟ್ಕೊಳಣ." ಆ ಲೆಕ್ಕದಲ್ಲೇ ತಾಟು ನೆನೆಯುತ್ತಿತ್ತು, ಗೂಡು ಚೆನ್ನಾಗಿಯೇ ಬರುತ್ತಿತ್ತು. ಒಂದು ಡಿಗ್ರಿಯ ತಪ್ಪನ್ನು ಹುಳುಗಳು ಹೇಗೋ ಸಹಿಸಿಕೊಳ್ಳುತ್ತಿದ್ದವೇನೋ. ನಾವು ಮಾತ್ರ ನಿಜ ನಡುವಿನಲ್ಲೇ ಇರುತ್ತದೆಂದು ನಂಬಿಬಿಟ್ಟೆವು.

ಆ ಕಾಯಿಲೆಯ ವರ್ಷ ಅಜ್ಜಿಗೂ ಕೆಮ್ಮು ಹಿಡಿಯಿತು. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ನಮ್ಮ ಮಿಷನ್ನು ಎಂಬತ್ತಾರು ಎಂದಿತು. ತೊಂಬತ್ತಕ್ಕಿಂತ ಕೆಳಗಿಳಿದರೆ ತಕ್ಷಣ ಕರೆತನ್ನಿ ಎಂದಿದ್ದರು ಆಸ್ಪತ್ರೆಯವರು. ಪಕ್ಕದ ಮನೆಯ ರೆಹಾನಾ ಆಂಟಿ ಓಡಿಬಂದು ತಮ್ಮ ಮಿಷನ್ನು ಹಾಕಿದರು. ತೊಂಬತ್ತಾರು.

"ನಮ್ದು ಸರಿಯೈತೋ ಇಲ್ವೋ ಗೊತ್ತಿಲ್ಲ ಅಣ್ಣ, ಕರ್ಕೊಂಡ್ಹೋಗ್ಬಿಡಿ," ಎಂದರು ಚಿಕ್ಕಪ್ಪನಿಗೆ.

ಅಜ್ಜಿ ಏದುಸಿರಿನಲ್ಲೇ ಬೆರಳು ಎಳೆದುಕೊಂಡಳು. "ನಡುವಿಂದು ತಗೊಳ್ರೋ. ತೊಂಬತ್ತೊಂದು. ಪಾಸಾಗಿದೀನಿ ಕಣ್ರೋ! ಇವತ್ತು ಹುಳು ಹಣ್ಣಾಗವೆ, ಗೂಡು ಕಟ್ಟಕ್ಕೆ ಚಂದ್ರಿಕೆ ಮೇಲೆ ಬಿಡೋರ್ಯಾರು? ನಾಳೆ ಹೋಗಣ."

ನಾವೆಲ್ಲ ನಕ್ಕೆವು. ಅಷ್ಟು ಸಲೀಸಾದ ಲೆಕ್ಕ ಅದು, ಮನೆಯ ಲೆಕ್ಕ. ಹುಳುಗಳನ್ನೆಲ್ಲ ಬಿದಿರಿನ ಚಂದ್ರಿಕೆ ತಟ್ಟಿಗಳ ಮೇಲೆ ಬಿಟ್ಟೆವು. ಮಾರನೆಯ ಬೆಳಿಗ್ಗೆ ಶಿಡ್ಲಘಟ್ಟದ ಆಸ್ಪತ್ರೆಯ ದಾರಿಯಲ್ಲೇ ಅಜ್ಜಿ ಹೋಗಿಬಿಟ್ಟಳು.

ತಿಥಿಯೆಲ್ಲ ಮುಗಿದ ಮೇಲೆ ಚಿಕ್ಕಪ್ಪ ಆಂಟಿಯ ಮಿಷನ್ನನ್ನು ಸುಮ್ಮನೆ ಒಂದು ಪೆನ್ನಿಗೆ ಸಿಕ್ಕಿಸಿ ನೋಡಿದರು. ತೊಂಬತ್ತಾರು. ನನ್ನ ಬೆರಳಿಗೂ ಅದೇ, ಬದನೆಕಾಯಿ ತೊಟ್ಟಿಗೂ ಅದೇ. ರೆಹಾನಾ ಆಂಟಿ ನಮ್ಮ ಜಗಲಿಯಲ್ಲಿ ಕೂತು ತುಂಬ ಹೊತ್ತು ಅತ್ತರು.

ಈಗ ನೆಂಟರೆಲ್ಲ ಸೇರಿದಾಗ, "ಅಜ್ಜಿ ಥರ ಮಾತಾಡೋ ಒಂದ್ಸಲ," ಎಂದು ಎಂಥದನ್ನೂ ಅಣಕಿಸುವ ನನ್ನನ್ನು ಕೇಳುತ್ತಾರೆ. ಮಾತಾಡುತ್ತೇನೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು "ಹಂಗೇ ಐತೆ ಕಣೋ" ಎನ್ನುತ್ತಾಳೆ. ಆದರೆ ವರ್ಷದಿಂದ ವರ್ಷಕ್ಕೆ ಆ ದನಿ ಚೂರುಚೂರೇ ನನ್ನ ಕಡೆಗೆ ಜಾರುತ್ತಿದೆಯೆಂದು ನನಗೆ ಅನುಮಾನ. ಎಷ್ಟು ಜಾರಿದೆಯೆಂದು ಹೇಳಬಲ್ಲವಳು ಒಬ್ಬಳೇ ಇದ್ದಳು.