ಸುಂದರಿ ಅಕ್ಕ ತಿದ್ದಿದ ಕೈ

ಸುಂದರಿ ಅಕ್ಕ ನನ್ನ ಪೇಂಟಿಂಗ್ ಎದುರು ನಿಂತು ಐದು ನಿಮಿಷ ನೋಡಿದರು.

ಅವರದೇ ಚಿತ್ರ. ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೂತ ನಮ್ಮ ನೆರೆಮನೆಯ ಅಕ್ಕ, ಆಳೆತ್ತರದ ಕ್ಯಾನ್ವಾಸಿನಲ್ಲಿ. ನನ್ನ ಮೊದಲ ಪ್ರದರ್ಶನಕ್ಕೆ ಅದನ್ನು ಕಳಿಸಲು ಉಳಿದದ್ದು ಹತ್ತು ದಿನ.

ಹೊಗಳುತ್ತಾರೆ ಅಂತ ಕಾದೆ. ಅದಕ್ಕೇ ಅಲ್ಲವೇ ನಮ್ಮೂರು ಪಾಣೆಮಂಗಳೂರಿನಿಂದ ಮೂಡುಬಿದಿರೆಯ ನನ್ನ ಸ್ಟುಡಿಯೋಗೆ ಎರಡು ಬಸ್ ಹತ್ತಿಸಿ ಕರೆದುಕೊಂಡು ಬಂದದ್ದು...

"ಮುಖ ನನ್ನದೇ. ಆದ್ರೆ ಈ ಕೈ ಬೀಡಿ ಕಟ್ಟುದಲ್ಲ ಮಗಾ, ಹೂ ಹಿಡ್ಕೊಂಡದ್ದು" ಅಂದರು.

ನನಗೆ ಸಿಟ್ಟೇ ಬಂತು. ಐದು ವರ್ಷ ಚಿತ್ರಕಲೆಯ ಗುರುಗಳ ಹತ್ತಿರ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಮಾದರಿ ಕೈಕಾಲು ನೋಡಿ ನೋಡಿ ಬರೆದವಳು ನಾನು. ಯುರೋಪಿನ ಹಳೇ ಕಲಾವಿದರ ಚಿತ್ರಗಳಲ್ಲಿ ಬೆರಳು ಹೇಗೆ ಬಾಗುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ.

ತಪ್ಪಿದ್ದೂ ಅಲ್ಲೇ. ಮುಖ ಬರೆಯಲು ಅಕ್ಕನನ್ನು ಎದುರಿಗೆ ಕೂರಿಸಿದ್ದೆ, ಕೈಗಳನ್ನು ಮಾತ್ರ ಕಲಿತ ನೆನಪಿನಲ್ಲೇ ಮುಗಿಸಿದ್ದೆ. ಚಂದ ಬಂದಿತ್ತು, ಅಷ್ಟೆ.

ನಿಜ ಹೇಳಬೇಕೆಂದರೆ, ಮನುಷ್ಯರನ್ನು ಬರೆಯಲು ನಾನು ಕಲಿತದ್ದೇ ಅವರ ಜಗಲಿಯಲ್ಲಿ. ಸಂಜೆ ಶಾಲೆ ಬಿಟ್ಟು ಬಂದ ಹುಡುಗಿಗೆ ಬೀಡಿ ಕಟ್ಟುವ ಹೆಂಗಸರಷ್ಟು ಒಳ್ಳೆಯ ಮಾಡೆಲ್ ಎಲ್ಲಿ ಸಿಗುತ್ತಾರೆ? ಗಂಟೆಗಟ್ಟಲೆ ಕೂತಲ್ಲೇ ಕೂತಿರುತ್ತಾರೆ. ಅಲುಗಾಡುವುದು ಬೆರಳು ಮಾತ್ರ... ಮತ್ತೆ ಬಾಯಿ.

ಅಕ್ಕ ಈಗ ಬೀಡಿ ಕಟ್ಟುವುದಿಲ್ಲ. ಬೆರಳ ಗಂಟುಗಳು ನೋಯುತ್ತವೆ. ಆದರೂ ಮರುದಿನ ಪಕ್ಕದ ಮನೆಯಿಂದ ಎಲೆ, ಹೊಗೆಸೊಪ್ಪು, ನೂಲು ತಂದು ತಮ್ಮ ಜಗಲಿಯಲ್ಲಿ ಕೂತರು.

"ನೀನು ಬರಿ ಮಾರಾಯ್ತಿ. ನೋವಾದ್ರೆ ನಾನೇ ಹೇಳ್ತೇನೆ."

ಎಣ್ಣೆಬಣ್ಣ ಒಣಗಲು ವಾರವಾದರೂ ಬೇಕು. ಹಾಗಾಗಿ ಕೈಯ ಸ್ಕೆಚ್ ಮಾಡಿಕೊಳ್ಳಲು ನನಗಿದ್ದದ್ದು ಮೂರೇ ಮಧ್ಯಾಹ್ನ. ಮೂರೂ ದಿನ ಕೂತರು, ಒಮ್ಮೆಯೂ ಹೇಳಲಿಲ್ಲ.

ನೂಲು ಎಳೆಯುವಾಗ ಹೆಬ್ಬೆರಳು ಬಿಳಿಚಿಕೊಳ್ಳುತ್ತದೆ, ಕಿರುಬೆರಳು ಒಳಗೆ ಮಡಚಿಕೊಳ್ಳುತ್ತದೆ. ಅಷ್ಟು ವರ್ಷ ನೋಡಿಯೂ ಮರೆತುಬಿಟ್ಟಿದ್ದೆ. ನಾಚಿಕೆಯಾಯಿತು.

ಮೂರನೇ ರಾತ್ರಿಯೇ ಸ್ಟುಡಿಯೋಗೆ ಮರಳಿ, ಹೂ ಹಿಡಿದ ಕೈಯನ್ನು ಕೆರೆದು ತೆಗೆದು ಹೊಸತು ಬರೆದೆ. ಅದು ಅಷ್ಟೇನೂ ಚಂದ ಇಲ್ಲ.

ಚಿತ್ರ ಕಳಿಸುವ ಮುಂಚೆ ಮೊಬೈಲಿನಲ್ಲಿ ಅಕ್ಕನಿಗೆ ಫೋಟೋ ತೋರಿಸಿದೆ. ಕೈಯನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಾರೆ, ಕನ್ನಡಕ ಒರೆಸಿ ಮತ್ತೆ ನೋಡುತ್ತಾರೆ...

"ಹ್ಞಾಂ. ಈ ಕೈಗೆ ನೋವುಂಟು" ಅಂದರು.

ಗ್ಯಾಲರಿಯವರ ಫಾರ್ಮಿನಲ್ಲಿ 'ಯಾರಲ್ಲಿ ಕಲಿತದ್ದು' ಎಂಬುದಕ್ಕೆ ಒಂದೇ ಗೆರೆ ಇತ್ತು. ಗುರುಗಳ ಹೆಸರಿನ ಪಕ್ಕದಲ್ಲೇ ಸುಂದರಿ ಅಕ್ಕನ ಹೆಸರನ್ನೂ ಬರೆದೆ... ಗುರುಗಳು ಬೈಯಲಿಕ್ಕಿಲ್ಲ, ಅಲ್ಲವೇ?